ಚಕ್ಕುಬಂದಿ

ಏಳೂವರೆಗೆ ಪ್ರಿಂಟರಿಗೆ ಹೊದಿಕೆ ಹೊದಿಸಿ,
ಒಣಗಿದ ಶ್ರದ್ಧಾಂಜಲಿ ಫ್ಲೆಕ್ಸನ್ನು ಸುತ್ತಿ ಮೂಲೆಗಿಟ್ಟು,
ಶಟರು ಅರ್ಧ ಇಳಿಸಿ ಕೂರುತ್ತೇನೆ.
ಇನ್ನು ಹತ್ತರವರೆಗೆ ಈ ಕಂಪ್ಯೂಟರು ನನ್ನದು,
ಕರೆಂಟು ಮಾತ್ರ ಓನರಿನದು.

ಹೊಸ ಫೈಲು. ಎರಡಡಿಗೆ ಮೂರಡಿ.
ಬಿಳಿ ಹಾಳೆಗೆ ಮೊದಲು ಚಹಾದ ಬಣ್ಣ ಕೊಡಬೇಕು,
ಇಲ್ಲದಿದ್ದರೆ ದೇಶಕ್ಕೆ ವಯಸ್ಸಾಗುವುದಿಲ್ಲ.
ನಿಜವಾಗಿ ಚೆಲ್ಲಿ ಸ್ಕ್ಯಾನ್ ಮಾಡಿಟ್ಟದ್ದು,
ಅರಸೀಕೆರೆ ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರಮ್ಮಿನ ಚಹಾ;
ಈ ರಾಜ್ಯದ ಮಣ್ಣೆಲ್ಲ ಅದೇ.

ಅದರ ಮೇಲೊಂದು ಲೇಯರು: ಕರಾವಳಿ.
ಕೈ ನಡುಗಿದರೆ ಒಳ್ಳೆಯದು,
ನೆಟ್ಟಗಿನ ದಡವನ್ನು ಯಾರೂ ನಂಬುವುದಿಲ್ಲ.
ಸಮುದ್ರ ನೋಡಿದ್ದು ಒಂದೇ ಸಲ, ಬಸ್ಸಿನ ಕಿಟಕಿಯಿಂದ;
ಹಾಗಾಗಿ ನನ್ನ ಕಡಲುಗಳು
ಕಂತೇನಹಳ್ಳಿ ಕೆರೆಗಿಂತ ಹೆಚ್ಚು ಅಲೆ ಎಬ್ಬಿಸವು.

ಬೆಟ್ಟ ಸುಲಭ. ಒಂದನ್ನು ಬರೆದು ಬ್ರಶ್ಶು ಮಾಡಿಕೊಂಡರೆ
ಎಳೆದಲ್ಲೆಲ್ಲ ಸಾಲುಸಾಲು ಮೊಳೆಯುತ್ತವೆ.
ಹತ್ತಿರ ಹೋಗಿ ನೋಡಿ, ಎಲ್ಲವೂ ಮಾಲೇಕಲ್ಲು,
ನನ್ನ ಕಿಟಕಿಗೆ ಕಾಣುವಂಥ ಇಳಿಬಿದ್ದ ಹೆಗಲು ಸಮೇತ.

ಕಥೆ ನಡೆಸುವವನು ಜಬೀವುಲ್ಲಾ.
ಹಗಲು ಸವೆದ ಟೈರಿಗೆ ಹೊಸ ರಬ್ಬರು ಕೂರಿಸುತ್ತಾನೆ,
ರಾತ್ರಿ ಫೋನಿನಲ್ಲಿ ಅಪ್ಪಣೆ ಕಳಿಸುತ್ತಾನೆ:
'ಶಾಪದ ಕೋಟೆಗೆ ಬಾಗಿಲು ಎರಡೇ ಇರಲಿ.
ಕಾಡಲ್ಲಿ ಒಂದು ಜಾಗ ಖಾಲಿ ಬಿಡು.
ಅಲ್ಲಿ ಏನಿದೆ ಅಂತ ನಿನಗೂ ಹೇಳಲ್ಲ.'

ಇಲ್ಲಿಗೆ ಬರುವ ಮುಂಚೆ ಆರು ವರ್ಷ
ಸಬ್‌ರಿಜಿಸ್ಟ್ರಾರ್ ಆಫೀಸಿನೆದುರು ಕ್ರಯಪತ್ರ ಟೈಪು ಮಾಡಿದವಳು ನಾನು.
ಚಕ್ಕುಬಂದಿಯಿಲ್ಲದೆ ಅರ್ಧ ಗುಂಟೆಯೂ ಜಾಗವಲ್ಲವೆಂದು
ಬೆರಳಿಗೇ ಗೊತ್ತು.
ಅದಕ್ಕೇ ನಕ್ಷೆಯ ಮೂಲೆಗೆ, ಬಳ್ಳಿಯಂಚಿನೊಳಗೆ:

ಪೂರ್ವಕ್ಕೆ, ದೊರೆ ಸತ್ತ ಸುದ್ದಿ ತಲುಪದ ಊರು.
ಪಶ್ಚಿಮಕ್ಕೆ, ಮಡಿದ ದೈತ್ಯನ ಬಾಬ್ತು ಬೆನ್ನುಮೂಳೆ.
ದಕ್ಷಿಣಕ್ಕೆ, ಸರ್ಕಾರಿ ಓಣಿ, ಅದರಾಚೆ ಕಡಲು.
ಉತ್ತರಕ್ಕೆ, ಇದೇ ಸ್ವತ್ತಿನ ಪೈಕಿ ಉಳಿಕೆ ಕತ್ತಲು.
ಈ ಮಧ್ಯೆ ಇರುವುದು.

ಭಾನುವಾರ, ರೈಲ್ವೆ ಕ್ವಾರ್ಟರ್ಸು, ಲೂರ್ದುಮೇರಿಯ ಮನೆ.
ಕೇರಂ ಬೋರ್ಡಿನ ಮೇಲೆ ರಾಜ್ಯ ಹಾಸಿ
ಮೂಲೆಗೊಂದು ಕಾಯಿ ಹೇರಿದ್ದಾಯಿತು.
ಇಪ್ಪತ್ತು ಮುಖದ ದಾಳ ಇನ್ನೂ ಕೈಯಲ್ಲೇ ಇತ್ತು,
ಪಾಯಿಂಟ್ಸ್‌ಮನ್ ತೀರ್ಥೇಶ ಬೆರಳಿಟ್ಟ:
'ಅಕ್ಕಾ, ಈ ಹೊಳೆ ಬೆಟ್ಟ ಹತ್ತುತ್ತಿದೆಯಲ್ಲ?'

ಹೌದು. ಸಪೂರದಿಂದ ದಪ್ಪಕ್ಕೆ ಹೋಗುವ ಬ್ರಶ್ಶು,
ನಾನು ಕಡಲಿಂದ ಎಳೆದುಬಿಟ್ಟಿದ್ದೆ.
ಶಿಖರದಲ್ಲಿ ಹೊಳೆ ಹೆಬ್ಬಾವಿನಷ್ಟು, ದಡದಲ್ಲಿ ದಾರದಷ್ಟು.
ಫ್ಲೆಕ್ಸಿಗೆ ಇಳಿದ ಮೇಲೆ ಕಂಟ್ರೋಲ್ ಝಡ್ ಇಲ್ಲ.
ನನ್ನ ಕಿವಿ ಬಿಸಿಯಾಯಿತು.

ಜಬೀ ಕಣ್ಣು ಮಿಟುಕಿಸಲಿಲ್ಲ.
'ಹೂಂ, ಹತ್ತುತ್ತೆ. ನೂರು ವರ್ಷದಿಂದ ಹತ್ತುತ್ತಿದೆ.
ಯಾಕೆ ಅಂತ ಹುಡುಕೋದೇ ನಿಮ್ಮ ಕೆಲಸ.'

ಮೂರು ಭಾನುವಾರ ಅವರು
ನನ್ನ ತಪ್ಪಿನೊಳಗೆ ಹುಟ್ಟು ಹಾಕಿದರು.
ಲೂರ್ದು ಒಂದು ಕಾಲು ಕಳೆದುಕೊಂಡಳು,
ನರ್ಸಿಂಗ್ ಓದುವವಳು, ತಾನೇ ಪಟ್ಟಿ ಕಟ್ಟಿಕೊಂಡಳು.
ತುದಿಯಲ್ಲಿ ಸಿಕ್ಕಿದ್ದು ಬಾಯಾರಿದ ಒಂದು ಕಲ್ಲು.
ಅದಕ್ಕೆ ಏನು ಹೇಳಬೇಕೆಂದು ಯಾರಿಗೂ ತೋಚದೆ
ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದೆವು;
ಹೊರಗೆ ಗೂಡ್ಸು ಗಾಡಿ ಮುಗಿಯುತ್ತಲೇ ಇರಲಿಲ್ಲ.

ಆ ರಾತ್ರಿ ಹೊಳೆಯನ್ನು ಬೇರೆ ಲೇಯರಿಗೆ ಹಾಕಿ
ಬೀಗ ಒತ್ತಿ ಹೆಸರಿಟ್ಟೆ: ತಿದ್ದಬಾರದು.

ಮೊನ್ನೆ ಕೌನ್ಸಿಲರ ಹುಟ್ಟುಹಬ್ಬದ ಬ್ಯಾನರು, ವಿಪರೀತ ಅವಸರ,
ಅದೇ ಫೈಲಿನಲ್ಲೇ ಮಾಡಿದೆ, ದೋಣಿಯ ಲೇಯರು ಆರಿಸುವುದು ಮರೆತೆ.
ಬಿ.ಎಚ್. ರಸ್ತೆಯಲ್ಲಿ ಹನ್ನೆರಡಡಿ ನಗುಮುಖ,
ಎಡಗಿವಿಯ ಪಕ್ಕ ಹೆಬ್ಬೆರಳಷ್ಟು ದೋಣಿ,
ಮೂತಿ ಮೇಲಕ್ಕೆ.

ಎಂಟು ದಿನ ಯಾರೂ ಕಾಣಲಿಲ್ಲ.
ನೈಟ್ ಡ್ಯೂಟಿ ಮುಗಿಸಿದ ತೀರ್ಥೇಶ ಫೋಟೋ ಕಳಿಸಿದ, ಮಾತಿಲ್ಲದೆ.
ಓನರು ಕನ್ನಡಕ ಸರಿಮಾಡಿಕೊಂಡು ಕೇಳಿದರು, ಏನಮ್ಮ ಇದು?
ಡಿಸೈನು, ಎಂದೆ.
ಎಷ್ಟು ಚದರಡಿ ಆಯ್ತು ಅಂತ ಅವರು ಕೇಳಲಿಲ್ಲ.