ಬಿಸಿನೀರಲ್ಲ

ಮೊದಲ ಸಲ ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸಿದ್ದರು.
ಉಪ್ಪಿನಕಾಯಿಗೆ ಬಿದ್ದ ಮಿಡಿ ಮತ್ತೆ ಚಿಗುರೀತೇ?
ವಾಪಸು ಮಾಡಿದೆ. ಬೈಸಿಕೊಂಡೆ.
ಎರಡನೆಯದು ಇವತ್ತು ಬಂತು, ಶಿಡ್ಲಘಟ್ಟದಿಂದ ಚಿಂತಾಮಣಿ ಹಾದು
ಕೋಲಾರದ ಬಸ್ಸಿನಲ್ಲಿ, ಮಗಳ ಮಡಿಲಲ್ಲಿ,
ಮಂಜುಗಡ್ಡೆ ತುಂಬಿದ ಟಿಫನ್ ಡಬ್ಬಿಯೊಳಗೆ:
ಹಾಜಿರಾ ಬಿ, ನಲವತ್ತೇಳು, ಬೆನ್ನಿನ ಚರ್ಮ,
ಹೆಸರುಕಾಳಿನಷ್ಟು.

ಚೀಟಿಯಲ್ಲಿ ಡಾಕ್ಟರರ ಅಕ್ಷರ:
'ರೇಷ್ಮೆ ನೂಲು ಬಿಚ್ಚುವ ಕೆಲಸ. ಏಳು ತಿಂಗಳಿಂದ ಬೊಬ್ಬೆ.
ಮೊದಲು ಕೈಯಲ್ಲಿ. ಆಮೇಲೆ ಬಾಯಲ್ಲಿ.'
ಬಾಯಲ್ಲಿ ಎಂಬುದರ ಕೆಳಗೆ ಎರಡು ಗೆರೆ.

ಏಳು ತಿಂಗಳೂ ನೀರನ್ನೇ ದೂರಿದರಂತೆ, ತಸ್ಲೀಮಾ ಹೇಳಿದಳು.
ಗೂಡು ಬೇಯುವ ನೀರಿಗೆ ಬೆರಳದ್ದಿ
ಎಳೆಯ ತುದಿ ಹುಡುಕುವವಳಿಗೆ ಬೊಬ್ಬೆ ಬಾರದೆ ಮತ್ತೇನು?
ಯಜಮಾನ ಅಂದ: ಕೈ ಮೇಲೆ ಗ್ಯಾನ ಇಲ್ಲ.
ನಾದಿನಿ ಅಂದಳು: ದೃಷ್ಟಿ.
ಮೆಡಿಕಲ್ ಸ್ಟೋರಿನವನು ಸುಟ್ಟಗಾಯದ ಮುಲಾಮು ಕೊಟ್ಟ,
ಹದಿನಾಲ್ಕು ಟ್ಯೂಬು.
ಬಾಯಿಗೆ ಯಾರೂ ಬಿಸಿನೀರು ಹೊಯ್ದಿರಲಿಲ್ಲ.
ಬಾಯಿ ತೆರೆದು ತೋರಿಸು ಎಂದು ಯಾರೂ ಕೇಳಿರಲೂ ಇಲ್ಲ.

ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ
ಕ್ರಯೋಸ್ಟ್ಯಾಟಿನ ಅಲಗು.
ನಾಲ್ಕು ಮೈಕ್ರಾನ್. ಉಸಿರು ತಾಗಿದರೆ ಮುದುಡುತ್ತದೆ,
ಕುಂಚದ ತುದಿಯಿಂದ ಬಿಡಿಸಿ ಗಾಜಿಗೆ ಕೂರಿಸಬೇಕು.
ದೋಸೆ ತಿರುವುವ ಕೈಗೂ ಇದಕ್ಕೂ ನೆಂಟಸ್ತಿಕೆ ಇದೆ ಎಂದರೆ
ನಮ್ಮ ಮೇಡಂ ನಗುವುದಿಲ್ಲ.

ತೊಳೆ. ಐದು ನಿಮಿಷ. ತೊಳೆ. ಐದು ನಿಮಿಷ.
ಮತ್ತೊಮ್ಮೆ ತೊಳೆ.
ಆಮೇಲೆ ಒಂದು ಹನಿ: ಮೇಕೆಯ ರಕ್ತದಿಂದ ತೆಗೆದ ಪ್ರತಿಕಾಯ,
ಬಾಲಕ್ಕೆ ಹಸಿರು ಕಟ್ಟಿದ್ದು.
ಒಂದು ಗಾಜಿಗೆ ಮಾತ್ರ ಹಾಕುವುದಿಲ್ಲ;
ಏನೂ ಇಡದ ಕಡೆ ಏನೂ ಕಾಣಬಾರದು,
ಅದಕ್ಕೆ ಅದೇ ಸಾಕ್ಷಿ.
ಒದ್ದೆ ಹತ್ತಿಯ ಡಬ್ಬಿ, ಮೇಲೆ ಅಡಿಗೆಮನೆಯ ಫಾಯಿಲ್.
ಅರ್ಧ ಗಂಟೆ
ಕತ್ತಲಿಗೆ ಕೆಲಸ ಒಪ್ಪಿಸಿ ಟೀ ಕುಡಿಯುತ್ತೇನೆ.

ಕಿಟಕಿಗೆ ಕಪ್ಪು ಬಟ್ಟೆ. ಆಚೆ ಟೊಮೆಟೊ ಲಾರಿಗಳ ಹಾರನ್ನು.
ಮರ್ಕ್ಯುರಿ ದೀಪ ಹತ್ತಿಸಿ ಪುಸ್ತಕದಲ್ಲಿ ವೇಳೆ ಬರೆದೆ:
ಇನ್ನೂರು ಗಂಟೆಯ ಆಯಸ್ಸು, ನೂರ ಎಂಬತ್ತೊಂಬತ್ತು ಕಳೆದಿದೆ.
ನೀಲಿ ಕೊಟ್ಟರೆ ಹಸಿರು ಮರಳಿಸುವ ಈ ಬಣ್ಣ
ಕೊಟ್ಟಷ್ಟನ್ನೂ ಮರಳಿಸದು;
ಮಂಡಿಯ ದಲ್ಲಾಳಿಯಂತೆ ತನ್ನ ಪಾಲು ಮುರಿದುಕೊಂಡೇ ಕೊಡುತ್ತದೆ.
ಕಣ್ಣು ಕತ್ತಲಿಗೆ ಹೊಂದಲಿ ಎಂದು ಕಾದೆ.

ಬಲೆ.
ಒಂದೊಂದು ಜೀವಕೋಶದ ಸುತ್ತ ಹಸಿರು ಎಳೆ,
ಎಳೆಗೆ ಎಳೆ ಕೂಡಿ ಕೆರೆಗೆ ಬೀಸಿದ ಬಲೆ,
ಅದರ ಕಣ್ಣುಗಳೆಲ್ಲ ಕಪ್ಪು.
ಕೋಶಕ್ಕೆ ಕೋಶವನ್ನು ಹಿಡಿದಿಟ್ಟ ಅಂಟನ್ನು
ಮೈ ಕಾಯುವವರೇ ಕಳ್ಳನೆಂದು ಹಿಡಿದಿದ್ದಾರೆ.
ಅವರು ನಿಂತಲ್ಲೆಲ್ಲ ನನ್ನ ಮೇಕೆಯ ಹಸಿರು.
ಗೂಡಿನಿಂದ ಎಳೆ ಬಿಚ್ಚುತ್ತಿದ್ದವಳ ಮೈಯನ್ನೇ
ಒಳಗಿನಿಂದ ಯಾರೋ
ತುದಿ ಹುಡುಕಿ ಬಿಚ್ಚುತ್ತಿದ್ದರು.

ಎಷ್ಟು ಚೆಂದ, ಅಂದುಬಿಟ್ಟೆ.
ನಾಲಗೆ ಕಚ್ಚಿಕೊಂಡೆ. ಬಾಗಿಲಾಚೆ ಬೆಂಚಿನಲ್ಲಿ ತಸ್ಲೀಮಾ.

ನೋಡಿದಷ್ಟೂ ಮಾಸುವ ವಸ್ತು ಇದು.
ಆಗಲೇ ಆ ಮೂಲೆ ಬೂದಿ. ಬೇಗ ಬೇಗ ಫೋಟೊ, ಒಂದು, ಎರಡು,
ಮೂರನೆಯದಕ್ಕೆ ಕರೆಂಟು ಹೋಯಿತು.
ಆರಿದ ದೀಪ ಪೂರ್ತಿ ತಣಿಯುವ ತನಕ ಹತ್ತಿಸುವಂತಿಲ್ಲ.
ಕೂತೆ. ಕಣ್ಣಿನೊಳಗೆ ಬಲೆ ಇನ್ನೂ ತೇಲುತ್ತಿತ್ತು.

ಬಾಗಿಲ ಸಂದಿಯಿಂದ ಅವಳ ದನಿ:
'ಅಕ್ಕಾ, ಬಿಸಿನೀರಿಂದಾನಾ ಆಗಿರೋದು?'
ಹೇಳುವುದು ಮೇಡಂ ಕೆಲಸ. ಸಹಿ ಅವರದು.
ನನ್ನದು ತೊಳೆಯುವುದು, ಕಾಯುವುದು.
'ಅಲ್ಲಮ್ಮ' ಅಂದೆ.

ಅವಳು ಅತ್ತದ್ದು ಯಾಕೋ. ಕಾಯಿಲೆ ದೊಡ್ಡದೆಂದೋ,
ಅಮ್ಮನ ಕೈ ತಪ್ಪು ಮಾಡಿರಲಿಲ್ಲವೆಂದೋ.
ಟಾರ್ಚು ಹಿಡಿದು ಪುಸ್ತಕ ತುಂಬಿಸಿದೆ:
ದೀಪ ಉರಿದದ್ದು, ಇಪ್ಪತ್ತಾರು ನಿಮಿಷ.