ಐದು ಅಕ್ಷರದ ಹಲಗೆ

ಬೈತಖೋಲದ ದಕ್ಕೆಯಲ್ಲಿ ಬೋಟುಗಳಿಗೆ ಹೆಸರು ಬರೆಯುವವ ನಾನು.
ಇಂಗ್ಲಿಷು ಬರುವುದಿಲ್ಲ ನನಗೆ, ಬರೆಯಲು ಮಾತ್ರ ಬರುತ್ತದೆ.
ಎ ಅಂದರೆ ಒಂದೇ ಮೆಟ್ಟಿಲಿನ ಏಣಿ,
ಎಚ್ ಎರಡು ಕಂಬದ ನಡುವೆ ಬಲೆ ಒಣಗಿಸುವ ಹಗ್ಗ,
ಓ ಬರೆಯಲು ಬಣ್ಣದ ಡಬ್ಬಿಯ ಮುಚ್ಚಳ ಸಾಕು.

ಜುಲೈ ಮುಗಿಯುತ್ತ ಬಂದಿತ್ತು, ಒಂದನೇ ತಾರೀಕಿಗೆ ಬೋಟು ನೀರಿಗೆ.
ತುಳಸಾಬಾಯಿ ಹರಿಕಂತ್ರ ಬಂದು ನಿಂತಳು:
"ಸದಾಶಿವಗಡದ ಭಟ್ಟರು ಲೆಕ್ಕ ಹಾಕಿದ್ದಾರೆ.
ಇಂಗ್ಲಿಷಿನಲ್ಲೇ ಆಗಬೇಕಂತೆ, ಐದೇ ಅಕ್ಷರ.
ಒಳಗೆ ಆರ್ ಇರಬೇಕು, ಈ ಇರಬೇಕು,
ಸ್ವರದಿಂದ ಶುರುವಾಗಬಾರದು."
ಶಬ್ದ ಯಾವುದು, ಅಂದೆ.
"ಅದು ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ?"

ಕಾಜುಬಾಗಕ್ಕೆ ಹೋದೆವು, ಪರ್ಪೆತಿನ್ ಟೀಚರ ಮನೆಗೆ.
ಮೂವತ್ತನಾಲ್ಕು ವರ್ಷ ಸ್ಪೆಲ್ಲಿಂಗ್ ತಿದ್ದಿದ ಕೈ,
ಒಂದೊಂದೇ ಬೆರಳು ಮಡಚುತ್ತ ಹುಡುಕಿತು.
ರಿವರ್. "ಕಾಳಿ ಇದ್ದಾಳಲ್ಲ, ಇನ್ನೊಂದು ಯಾಕೆ?"
ವಾಟರ್. "ಅದು ಬಾಟ್ಲಿ ಮೇಲೆ ಇರುವುದು."
ಟೈಗರ್. "ಬಿಸ್ಕೀಟು."
ಪರ್ಲ್. "ಮಾಜಾಳಿಯ ದತ್ತಾರಾಮ ಬರೆಸಿ ಆಗಿದೆ."
ಫೀವರ್ ಎಂದು ಟೀಚರೇ ನಕ್ಕುಬಿಟ್ಟರು.
ನೆವರ್ ಎಂದಾಗ ಅರ್ಥ ಕೇಳಿದ ತುಳಸಾಬಾಯಿ
ಎದ್ದು ನಿಂತು, ಮತ್ತೆ ಕೂತಳು.
ಮದರ್, ಅಂದೆ ನಾನು, ಗೊತ್ತಿದ್ದ ಒಂದೇ ಒಂದು.
ಟೀಚರ ಒಂದು ಕೈ ಸಾಲಲಿಲ್ಲ ಅದಕ್ಕೆ.

ನಮ್ಮಲ್ಲಿ ಹೀಗಲ್ಲ. ಸ್ತ್ರೀ ಎಂದು ಬರೆದು ನೋಡಿ:
ಸಕಾರದ ಕಾಲಬುಡಕ್ಕೆ ತ, ಅದರ ಮಗ್ಗುಲಿಗೆ ರ ಬಾಗಿ,
ನೆತ್ತಿಗೊಂದು ಗುಡಿಸು, ಬಾಲಕ್ಕೊಂದು ದೀರ್ಘ.
ಒಂದೇ ಚಾಪೆಯಲ್ಲಿ ಇಡೀ ಸಂಸಾರ ಮಲಗಿದ ಹಾಗೆ,
ಆದರೂ ಲೆಕ್ಕಕ್ಕೆ ಒಂದೇ ಅಕ್ಷರ.
ಇಂಗ್ಲಿಷಿನವು ನೌಕಾನೆಲೆಯ ಕಾಲನಿ ಮನೆಗಳು,
ಒಂದೊಂದಕ್ಕೂ ಬೇರೆ ಬಾಗಿಲು, ಬೇರೆ ಮೀಟರು.

ಚಹಾ ಆರಿದ ಮೇಲೆ ಟೀಚರ್ ಅಂದರು: ಹಾರ್ಟ್.
"ಅಂದರೆ?"
ಎದೆ.
"ಅದರಲ್ಲಿ ಈ ಎಲ್ಲಿ? ಕೇಳಿಸಲೇ ಇಲ್ಲ."
ಒಳಗೆ ಕೂತಿದೆ ಬಾಯಿ, ಕೇಳಿಸುವುದಿಲ್ಲ.
"ಇರಲಿ," ಅಂದಳು. "ಅಂಥದೂ ಇರಲಿ."

ಎಡ ಮಗ್ಗುಲು ಶನಿವಾರ ಮುಗಿಯಿತು.
ಬಲ ಮಗ್ಗುಲಿಗೆ ತಾಡಪಾಲು ಕಟ್ಟಿಕೊಂಡು ಕೂತಿದ್ದೆ,
ಪಡುವಣ ಗಾಳಿ ತಗಡಿನ ಅಚ್ಚುಗಳನ್ನು ಚೆಲ್ಲಿತು.
ಆರಿಸಿ ಜೋಡಿಸಿದೆ. ಎಣಿಸಿದೆ, ಐದು.
ಆರ್ ಇದೆ. ಈ ಇದೆ. ಬಿಳಿ ಬಣ್ಣ ಬಳಿದೆ.

ಬೋಟು ಇಳಿದ ದಿನ ಟೀಚರ್ ಕೊಡೆ ಹಿಡಿದು ಬಂದಿದ್ದರು.
ಅದು ತಿರುಗಿತು, ಬಲ ಮಗ್ಗುಲು ಕಂಡಿತು,
ಅವರ ತುಟಿ ಮೆಲ್ಲಗೆ ಕೂಡಿಸಿ ಓದಿ ನಿಂತಿತು.
"ತಲೆಯ ಎಚ್ ಬಾಲಕ್ಕೆ ಹೋಗಿದೆಯಲ್ಲೋ. ಇದು ಅರ್ಥ್."
ಅರ್ಥ ಇದ್ದರೆ ಒಳ್ಳೆಯದೇ ಅಲ್ಲವಾ, ಅಂದೆ.
"ಆ ಅರ್ಥ ಅಲ್ಲ. ಮಣ್ಣು."

ಮೂರು ರಾತ್ರಿ ನಿದ್ದೆ ಇಲ್ಲ.
ಎದೆಗೂ ಮಣ್ಣಿಗೂ ನಡುವೆ ಒಂದು ತಗಡು, ನನ್ನ ಕೈಯದು.
ಸ್ವರದಿಂದಲೇ ಶುರುವಾಗಿತ್ತು ಬೇರೆ.

ನಾಲ್ಕನೇ ಬೆಳಗ್ಗೆ ಬಂತು, ಹದಿನೆಂಟು ಕ್ರೇಟು ಬಂಗುಡೆ,
ಅರ್ಧ ಕ್ರೇಟು ಸಿಗಡಿ, ಒಂದು ಹರಿದ ಬಲೆ.
ಐಸು ಒಡೆಯುವ ಹುಡುಗ ಓದಿ ಹೇಳಿಬಿಟ್ಟಿದ್ದ ಅವಳಿಗೆ.
ನಾನು ತಲೆ ತಗ್ಗಿಸಿದೆ. ತುಳಸಾಬಾಯಿ ಬಂಗುಡೆ ಎಣಿಸುತ್ತಲೇ ಅಂದಳು:
"ಮಣ್ಣು ಕಾಣದೆ ವಾಪಸು ಬರುವುದಾದರೂ ಎಲ್ಲಿಗೆ?"

ಮೀನುಗಾರಿಕೆ ಆಫೀಸಿನವರು ಒಪ್ಪಲಿಲ್ಲ.
ಎರಡೂ ಮಗ್ಗುಲಿಗೆ ಒಂದೇ ಹೆಸರು, ಅದು ಕಾಯಿದೆ.
ತಿದ್ದಿದೆ. ಹತ್ತು ಅಕ್ಷರದ ದುಡ್ಡು ಕೊಟ್ಟಳು,
ಅಳಿಸಿದ ಐದಕ್ಕೆ ಒಂದು ಪೊಟ್ಟಣ ಮೀನು.
ಹಲಗೆ ಒದ್ದೆಯಾದಾಗ ಈಗಲೂ
ಹೊಸ ಎಚ್‌ನ ಹಗ್ಗದ ಹಿಂದೆ ಹಳೆಯ ಈ ಕಾಣುತ್ತದೆ,
ಮೂರು ಹಲ್ಲಿನ ಬಾಚಣಿಗೆಯ ಹಾಗೆ.
ನನಗೆ ಕಾಣುತ್ತದೆ. ಉಳಿದವರಿಗೆ ಹೇಳಿಲ್ಲ.