ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಗೀಲಾಂಗಿನ ಈ ಕಚೇರಿಯಲ್ಲಿ ನನ್ನ ಕೆಲಸ
ಎರಡು ಮಾತುಗಳ ನಡುವೆ ಕೂತಿರುವುದು:
ಒಂದು ‘ಆಮೇಲೆ’,
ಇನ್ನೊಂದು ‘ಅದರಿಂದ’.

ಲಸಿಕೆ ಹಾಕಿಸಿಕೊಂಡೆ, ಆಮೇಲೆ ತೋಳು ಊದಿತು.
ಹಾಕಿಸಿಕೊಂಡೆ, ಆಮೇಲೆ ಮುಟ್ಟು ಮೂರು ದಿನ ತಡ.
ಆಮೇಲೆ ಬಾಯಲ್ಲಿ ಬೀಗದ ಕೈ ನೆಕ್ಕಿದ ರುಚಿ.
ಆಮೇಲೆ ನಮ್ಮ ನಾಯಿ ಹತ್ತಿರವೇ ಸುಳಿಯುತ್ತಿಲ್ಲ,
ಅಂದ ಒಬ್ಬ. ಅದನ್ನೂ ಬರೆದುಕೊಂಡೆ.
ನಗಬೇಡ ಎನ್ನುವುದು ಇಲ್ಲಿಯ ಮೊದಲ ಪಾಠ.
ನಂಬಬೇಡ ಎನ್ನುವುದು ಎರಡನೆಯದಲ್ಲ,
ಬರೆದುಕೋ ಎನ್ನುವುದು.

ಒಂದು ಮಂಗಳವಾರ ಗ್ಲೆನಿಸ್ ಟ್ರೆಂಬಾತ್ ಫೋನು ಮಾಡಿದರು.
ಎಪ್ಪತ್ತಾರು ವರ್ಷ, ಟೀಚರಮ್ಮನ ದನಿ,
ತಾರೀಖುಗಳನ್ನು ಹಾಜರಿ ಕರೆದಂತೆ ಹೇಳಿದರು.
ಎರಡನೆಯ ಡೋಸಾದ ಮೂರನೆಯ ದಿನ
ನಿಂಬೆ ಮರ ಸವರಲು ಏಣಿ ಹತ್ತಿದ ಗಂಡ
ಇಳಿಯಲಿಲ್ಲ, ಬಿದ್ದರು.
ಹೃದಯ ಎಂದರಂತೆ ಆಸ್ಪತ್ರೆಯಲ್ಲಿ.
‘ಅವನಿಗೆ ಅಷ್ಟೇನೂ ಮನಸ್ಸಿರಲಿಲ್ಲ.
ಕಾರು ಓಡಿಸಿದ್ದು ನಾನು.’
ಅದಕ್ಕೆ ಫಾರಮಿನಲ್ಲಿ ಕಾಲಮಿಲ್ಲ.
ಕೊನೆಗೆ ‘ಇತರೆ’ ಅಂತ ಒಂದು ಖಾಲಿ ಗೆರೆ ಸಿಕ್ಕಿತು,
ಅಲ್ಲಿ ಬರೆದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು
ಅನ್ನುತ್ತೇವೆ ನಮ್ಮ ಕಡೆ.
ಅಷ್ಟು ಹೇಳಿ ಗಾದೆ ಕೈತೊಳೆದುಕೊಂಡು ಹೋಗುತ್ತದೆ.
ನಮಗೆ ಕೆಲಸ ಶುರುವಾಗುವುದೇ ಅಲ್ಲಿಂದ:
ಕಾಗೆಯೇ ಬಾರದ ವರ್ಷಗಳಲ್ಲಿ
ಇಲ್ಲಿ ವಾರಕ್ಕೆಷ್ಟು ಕೊಂಬೆ ಮುರಿಯುತ್ತಿದ್ದವು?
ಎಪ್ಪತ್ತು ದಾಟಿದವು ಎಷ್ಟು? ಒಳಗೇ ಗೆದ್ದಲು ತಿಂದವು?
ಈಗೆಷ್ಟು?
ಕಾಗೆ ಕೂತೂ ಮುರಿಯದ ಕೊಂಬೆಗಳನ್ನು ಎಣಿಸು.
ಅವು ಫೋನು ಮಾಡುವುದಿಲ್ಲ.

ಅಂಕಿಸಂಖ್ಯೆಯ ಥುಯಿ ಹೇಳುತ್ತಾಳೆ, ನೂಡಲ್ಸಿನ ಬಟ್ಟಲು ಕೈಯಲ್ಲಿಟ್ಟುಕೊಂಡೇ:
ಮೂವತ್ತು ಸಾವಿರ ಜನರ ಪ್ರಯೋಗ ಒಳ್ಳೆಯ ಬಲೆ,
ಆದರೆ ಲಕ್ಷಕ್ಕೊಂದು ಮೀನು ಅದರಲ್ಲಿ ಬೀಳುವುದಿಲ್ಲ.
ಅದಕ್ಕೆ ಊರಿಗೆ ಊರೇ ತೋಳು ಚಾಚಬೇಕು.
ಚಾಚಿದ ಮೇಲೂ ಯಾರಾದರೂ ಕಣ್ಣು ಮುಚ್ಚದೆ ಕೂತಿರಬೇಕು.

ಹಾಗೆ ಕೂತಿದ್ದಾಗಲೇ ಬಂದ ಡೆಕ್ಲನ್,
ಹತ್ತೊಂಬತ್ತು, ಫುಟ್ಬಾಲ್ ಆಡುವ ಹುಡುಗ,
ಎರಡನೆಯ ಡೋಸು, ಮೂರನೆಯ ದಿನ, ಎದೆನೋವು.
ಆಮೇಲೆ ಬೆಂಡಿಗೋದಿಂದ ಒಬ್ಬ. ಹದಿನೇಳು.
ಆಮೇಲೆ ಇನ್ನಿಬ್ಬರು, ಅದೇ ವಯಸ್ಸು, ಅದೇ ದಿನ.
ಥುಯಿ ಎದ್ದು ಕಿಟಕಿಗೆ ಹೋಗಿ ನಿಂತಳು.
ಬಟ್ಟಲು ಮೇಜಿನ ಮೇಲೆ ಆರುತ್ತಿತ್ತು.
ಮೂರು ಸಲ ಲೆಕ್ಕ ಮಾಡಿದೆವು, ಬೇರೆಯವರಿಂದ ಮಾಡಿಸಿದೆವು.
ಹೌದು, ಇಲ್ಲಿ ಕಾಗೆಯದೇ ಭಾರ.
ಬರೆದೆವು: ‘ಅದರಿಂದ’.
ವೈದ್ಯರಿಗೆಲ್ಲ ಪತ್ರ ಹೋಯಿತು.
ಡೆಕ್ಲನ್ ಒಂದು ಸೀಸನ್ ಬೆಂಚಿನ ಮೇಲೆ ಕೂತ, ಮತ್ತೆ ಓಡಿದ.
ಓಡಿದ ಎಂದು ಫೋನು ಮಾಡಿ ಹೇಳಿದ್ದು ಅವನಮ್ಮ,
ಅದಕ್ಕೂ ಕಾಲಮಿಲ್ಲ.

ರೋಗವೇ ಒಂದು ಬಿರುಗಾಳಿ. ಅದು ಮುರಿದ ಕೊಂಬೆಗಳ ಲೆಕ್ಕ
ಕೆಳಗಿನ ಮಹಡಿಯಲ್ಲಿ.
ಅಲ್ಲಿ ಎಣಿಸುವವರು ನಮಗಿಂತ ಬಹಳ ಜನ,
ಸಂಜೆ ಲಿಫ್ಟಿನಲ್ಲಿ ಸಿಕ್ಕರೆ ಯಾರೂ ಮಾತಾಡುವುದಿಲ್ಲ.

ಮುಚ್ಚಿಡುತ್ತೀರಿ ಅಂತ ಬೈಯುವವರಿದ್ದಾರೆ.
ಇದ್ದದ್ದನ್ನು ಹೇಳಿ ಯಾಕೆ ಹೆದರಿಸುತ್ತೀರಿ
ಅಂತ ಬೈಯುವವರೂ ಇದ್ದಾರೆ.
ಇಬ್ಬರಿಗೂ ಒಂದೇ ನಂಬರು.

ಗ್ಲೆನಿಸ್ ಅವರಿಗೆ ಪತ್ರ ಹೋಗಲು ಏಳು ತಿಂಗಳು.
‘ಸಂಬಂಧ ಕಂಡುಬಂದಿಲ್ಲ.’
ಕಂಡುಬಂದಿಲ್ಲ ಎಂದರೆ ಇಲ್ಲ ಎಂದಲ್ಲ,
ಇದೆ ಎಂದೂ ಅಲ್ಲ;
ಲೆಕ್ಕಕ್ಕೆ ಊರು ಗೊತ್ತು, ಮನೆ ಗೊತ್ತಿಲ್ಲ.
ಪತ್ರ ಸೇರಿದ ದಿನವೇ ಫೋನು:
‘ಹಾಗಾದರೆ ನಾನಲ್ಲ?’

ಕಿಟಕಿಯಾಚೆ ದೀಪದ ಕಂಬದ ಮೇಲೆ ಒಂದು ಕಾಗೆ.
ಇಲ್ಲಿನವು ಕಾ ಎಂದು ಮುಗಿಸುವುದಿಲ್ಲ,
ಕೊನೆಯಲ್ಲಿ ಎಳೆದೆಳೆದು ಕೂಸಿನಂತೆ ಅಳುತ್ತವೆ.
ಅದು ನಿಲ್ಲಿಸುವವರೆಗೆ ಕಾದೆ.
‘ನೀವಲ್ಲ’ ಅಂದೆ.
ಹಾಗೆ ಹೇಳಲು ನನಗೆ ಅಧಿಕಾರವಿಲ್ಲ.

ಆ ಕಡೆ ಸುಮಾರು ಹೊತ್ತು ಮೌನ, ನಲ್ಲಿಯ ನೀರಿನ ಸದ್ದು.
ಆಮೇಲೆ: ‘ಈ ವರ್ಷ ನಿಂಬೆ ಸಿಕ್ಕಾಪಟ್ಟೆ ಬಿಟ್ಟಿದೆ,
ಬಿದ್ದು ಕೊಳೆಯುತ್ತಿವೆ. ನಿಮಗೆ ಬೇಕಾ?’
ಕರೆ ಮಾಡಿದವರಿಂದ ಏನನ್ನೂ ಪಡೆಯಬಾರದು,
ಕಚೇರಿಯ ನಿಯಮ, ಗೋಡೆಗೆ ಅಂಟಿಸಿದೆ.

ಬೇಕು ಅಂದೆ.